ಗಾರ್ಸೈಡ್ ಸ್ನಾನಗೃಹದ ನೀಲಿ ಗಾಜು

ಸೋಮವಾರ ಬೆಳಿಗ್ಗೆ ಏಳು ಗಂಟೆ. ಕಸ ಗುಡಿಸುವ ಏಡಾ ಕ್ಲೆಗ್ ಬಕೆಟ್ ಹಿಡಿದು ಊರಿನ ಸ್ನಾನಗೃಹದ ಮೆಟ್ಟಿಲು ಹತ್ತಿದಳು. ಅರ್ಧಕ್ಕೇ ನಿಂತಳು. ಮುಖಕ್ಕೆ ತಣ್ಣನೆ ಗಾಳಿ ಬಡಿಯಿತು. ಗೋಡೆಯಲ್ಲೊಂದು ದುಂಡನೆಯ ತೂತು. ಅದರಾಚೆ ಗಿರಣಿಗಳ ಹೊಗೆ.

ಐವತ್ತೆರಡು ವರ್ಷದಿಂದ ಅಲ್ಲಿದ್ದ ಬಣ್ಣದ ಗಾಜು, ನೀಲಿ ಅಲೆಯಲ್ಲಿ ಈಜುವ ಹೆಣ್ಣಿನ ಚಿತ್ರ, ಮಾಯವಾಗಿತ್ತು.

*

ಪೊಲೀಸ್ ಸಾರ್ಜೆಂಟ್ ನೋರಾ ಆಶ್‌ವರ್ತ್ ಇಬ್ಬರು ಕಾನ್‌ಸ್ಟೇಬಲ್‌ಗಳ ಜೊತೆ ಬಂದಾಗ ಎಂಟು ಗಂಟೆ. ಈ ಕಟ್ಟಡದೊಳಗೆ ಕಾಲಿಟ್ಟರೆ ಅವಳ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು. ಈಜು ಕಲಿತದ್ದು ಇಲ್ಲೇ. ಸೊಂಟದೆತ್ತರಕ್ಕೆ ಹಸಿರು ಟೈಲ್ಸಿನ ಗೋಡೆ, ನೆಲದಲ್ಲಿ ಚೂರು ಕಲ್ಲಿನ ಮೀನುಗಳು, ಮೇಲೆ ಗಾಜಿನ ಛಾವಣಿಯನ್ನು ಎತ್ತಿ ಹಿಡಿದ ಕಬ್ಬಿಣದ ಕಮಾನುಗಳು. ಅಷ್ಟು ಭಾರ ಹೊತ್ತೂ ಆ ಕಮಾನುಗಳು ಬಳ್ಳಿಯಂತೆ ಬಳುಕಿದ್ದವು. ಮನೆಯಲ್ಲಿ ಬಚ್ಚಲೇ ಇಲ್ಲದ ಗಿರಣಿ ಜನಕ್ಕೆ ಅರಮನೆ ಕಟ್ಟಿಕೊಟ್ಟಿದ್ದರು.

"ಕೊನೇ ಸಲ ನೋಡಿದ್ದು ಯಾವಾಗ ಏಡಾ?"

"ಶನಿವಾರ ಸಾಯಂಕಾಲ ಮಗಳೇ. ನಾನೇ ಒರೆಸಿದೆ. ನಿನ್ನೆ ಭಾನುವಾರ, ರಜಾ."

ಮೇಲ್ವಿಚಾರಕ ಲೆನರ್ಡ್ ಗ್ರಿಮ್‌ಶಾ ನಡುವೆ ಬಾಯಿ ಹಾಕಿದ. "ಮುಂಬಾಗಿಲ ಕೀಲಿ ಇರೋದು ಇಬ್ಬರ ಹತ್ರ. ನಾನು, ಬಡಗಿ ವಿಲ್ಫ್. ನಿನ್ನೆ ಬಂದಿದ್ದ ಅವನು. ಅವನ ಪೆಟ್ಟಿಗೆ ನೋಡಿ ಸಾರ್ಜೆಂಟ್."

ನೋಡಿದರು. ಉಳಿಗಳ ಕೆಳಗೆ ಗಾಜಿನ ಅಂಚಿಗೆ ಸುತ್ತುವ ಸೀಸದ ಪಟ್ಟಿಯೊಂದು ಸಿಕ್ಕಿತು.

ಬಾಗಿಲಲ್ಲಿ ನಿಂತಿದ್ದ ವಿಲ್ಫ್ ಹಾರ್‌ಗ್ರೀವ್ಸ್ ಪೆಟ್ಟಿಗೆಯತ್ತ ಧಾವಿಸಿದ. "ಸುತ್ತಿಗೆ ಮರೆತಿದ್ದೆ ಮೇಡಂ, ತಗೊಂಡ್ ಹೋದೆ ಅಷ್ಟೇ. ಆ ಸೀಸ ನಂದಲ್ಲ. ಪೆಟ್ಟಿಗೆ ಇಲ್ಲೇ ಬಿಟ್ಟಿದ್ದೆ."

*

ನೋರಾ ಅವನನ್ನು ಠಾಣೆಗೆ ಕಳಿಸಲಿಲ್ಲ. ಬಾಗಿಲುಗಳನ್ನು ನೋಡಲು ಹೋದಳು.

ಗಂಡಸರ ಮೊದಲ ದರ್ಜೆ, ಗಂಡಸರ ಎರಡನೇ ದರ್ಜೆ, ಹೆಂಗಸರದು. ಮೂರಕ್ಕೂ ಆಳೆತ್ತರದ ಕಬ್ಬಿಣದ ತಿರುಗು ಗೇಟು. ಒಬ್ಬ ಮನುಷ್ಯ ನುಸುಳಬಹುದು. ನಾಲ್ಕಡಿ ಅಗಲದ ಗಾಜು ನುಸುಳದು. ಅಗಲವಾದದ್ದು ಹಿಂದಿನ ಕಲ್ಲಿದ್ದಲಿನ ಬಾಗಿಲೊಂದೇ. ಅಲ್ಲಿ ಭಾನುವಾರವಿಡೀ ಬಾಯ್ಲರಿನ ಮೂವರು ಇದ್ದರು. ಏನೂ ಹೊರಗೆ ಹೋಗಿಲ್ಲ ಎಂದು ಮೂವರೂ ಹೇಳಿದರು. ಗೋಡೆಯ ತೂತಿನ ಕೆಳಗೆ ಬೀದಿ; ಅಲ್ಲಿಂದ ಇಳಿಸಿದ್ದರೆ ಯಾರಾದರೂ ನೋಡುತ್ತಿದ್ದರು.

ಹಾಗಾದರೆ ಗಾಜು ಒಳಗೇ ಇದೆ.

ಬಾಯ್ಲರ್ ಕೋಣೆ, ಸ್ನಾನದ ಗೂಡುಗಳು, ಒಗೆಯುವ ಮನೆ, ಎಲ್ಲ ಜಾಲಾಡಿದರು. ಸಿಗಲಿಲ್ಲ. ನೋರಾ ಮೊದಲ ದರ್ಜೆಯ ಕೊಳದ ಕಡೆ ಬಂದಳು. ಚಳಿಗಾಲಕ್ಕೆ ನೀರು ಖಾಲಿ ಮಾಡಿ, ಕೊಳದ ಮೇಲೆ ಹಲಗೆ ಹಾಸಿದ್ದರು. ಇನ್ನು ಏಪ್ರಿಲ್‌ವರೆಗೆ ಅಲ್ಲಿ ಶನಿವಾರದ ನೃತ್ಯ.

ಅವಳು ಮಂಡಿಯೂರಿದಳು. ಹಲಗೆ ಹಲಗೆಯಾಗಿ ನೋಡುತ್ತ ಹೋದಳು.

"ವಿಲ್ಫ್, ಇದಕ್ಕೆ ಮೇಣ ಉಜ್ಜಿದ್ದು ಯಾವತ್ತು?"

"ಶನಿವಾರ ಮಧ್ಯಾಹ್ನ. ನಾಲ್ಕು ಸಲ. ಕನ್ನಡಿ ಥರ ಇರಬೇಕು, ಇಲ್ದಿದ್ರೆ ಹುಡುಗೀರು ಬೈತಾರೆ."

"ಈ ನಾಲ್ಕು ಹಲಗೆ ತೆಗಿ."

ಗ್ರಿಮ್‌ಶಾ ಅಡ್ಡ ಬಂದ. "ಸುಮ್ಮನೆ ನೆಲ ಯಾಕೆ ಹಾಳುಮಾಡ್ತೀರಿ?"

ಹಲಗೆ ಎದ್ದವು. ಕೆಳಗೆ, ಕೊಳದ ತಳದ ಬಿಳಿ ಟೈಲ್ಸಿನ ಮೇಲೆ, ಟವೆಲುಗಳಲ್ಲಿ ಸುತ್ತಿದ ದುಂಡನೆಯ ಗಂಟು.

*

"ಬೇರೆಲ್ಲ ಸ್ಕ್ರೂ ತಲೆಯ ಗೀರಲ್ಲಿ ಮೇಣ ತುಂಬಿದೆ," ನೋರಾ ಹೇಳಿದಳು. "ಈ ಹಲಗೆಗಳ ಗೀರು ಮಾತ್ರ ಹೊಳೀತಿದೆ. ಅಂದ್ರೆ ಮೇಣ ಹಾಕಿದ ಮೇಲೆ ಯಾರೋ ಬಿಚ್ಚಿದಾರೆ."

"ವಿಲ್ಫೇ ಬಿಚ್ಚಿದಾನೆ!" ಗ್ರಿಮ್‌ಶಾ ಅಂದ.

"ವಿಲ್ಫ್ ಬಿಚ್ಚಿದ್ರೆ ಮತ್ತೆ ಮೇಣ ಉಜ್ಜದೇ ಹೋಗ್ತಿದ್ನಾ? ಅವನಿಗೆ ನಿದ್ದೆ ಬರ್ತಿರಲಿಲ್ಲ."

ವಿಲ್ಫ್ ಹೌದೆಂದು ತಲೆಯಾಡಿಸಿದ, ಸ್ವಲ್ಪ ನಾಚಿಕೊಂಡು.

"ಏಡಾ, ಈ ಕೆಂಪಂಚಿನ ಟವೆಲು ಯಾರಿಗೆ ಕೊಡೋದು?"

"ಮೊದಲ ದರ್ಜೆಯವರಿಗೆ. ಚಳಿಗಾಲದಲ್ಲಿ ಬೀರುವಿಗೆ ಬೀಗ. ಕೀಲಿ ಅಗೋ, ಅವರ ಗಡಿಯಾರದ ಸರಪಳೀಲೇ ಇದೆ."

ಗ್ರಿಮ್‌ಶಾನ ಕೈ ಅರಿವಿಲ್ಲದೆ ಸರಪಳಿಗೆ ಹೋಯಿತು.

"ಮೈಲಿಗೆ ಬಟ್ಟೆಯ ತಳ್ಳುಗಾಡೀಲಿ ತಂದಿರಿ," ನೋರಾ ಮುಂದುವರಿಸಿದಳು. "ಸೀಸದ ಚೂರು ವಿಲ್ಫ್ ಪೆಟ್ಟಿಗೆಗೆ ಹಾಕಿದಿರಿ. ಏಪ್ರಿಲ್‌ನಲ್ಲಿ ಹಲಗೆಗಳ ಜೊತೆ, ಕಲ್ಲಿದ್ದಲಿನ ಬಾಗಿಲಿಂದ ಸಲೀಸಾಗಿ ಹೊರಗೆ. ಯಾರು ಕೊಂಡುಕೊಳ್ತಾರೆ?"

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. "ಲಂಡನ್ನಿನ ಒಬ್ಬ ವ್ಯಾಪಾರಿ. ಮುಂದಿನ ವರ್ಷ ಇದನ್ನ ಕೆಡವಬೇಕು ಅಂತ ಕೌನ್ಸಿಲ್‌ನಲ್ಲಿ ಮಾತಾಗ್ತಿದೆ. ಇಪ್ಪತ್ತೆಂಟು ವರ್ಷ ಕಾದೆ ಇದನ್ನ. ನನಗೇನು ಉಳೀತು? ಹೇಗೂ ಪುಡಿಯಾಗೋ ಗಾಜು..."

"ಪುಡಿ ಮಾಡ್ತಾರೋ ಬಿಡ್ತಾರೋ, ಅದು ಊರಿನ ಮಾತು. ವಿಲ್ಫ್‌ನ ಜೈಲಿಗೆ ಕಳಿಸೋಕೆ ಹೊರಟಿದ್ದು ನೀವು."



ವಿಲ್ಫ್ ಕೊಳಕ್ಕಿಳಿದು ಟವೆಲು ಬಿಚ್ಚಿದ. ಎಲ್ಲೂ ಬಿರುಕಿಲ್ಲ. ಅವನೂ ಒಬ್ಬ ಕಾನ್‌ಸ್ಟೇಬಲ್ಲೂ ಸೇರಿ ಗಾಜನ್ನು ನೆಟ್ಟಗೆ ಎತ್ತಿ ನಿಲ್ಲಿಸಿದರು. ಅಷ್ಟರಲ್ಲಿ ಛಾವಣಿಯಿಂದ ನವೆಂಬರಿನ ಬಡ ಬಿಸಿಲು ಇಳಿಯಿತು. ಹಲಗೆ ತೆರೆದ ಕಡೆ, ಬರಿದಾದ ಕೊಳದ ಬಿಳಿ ಟೈಲ್ಸಿನ ತುಂಬ ನೀಲಿ, ಹಸಿರು, ಜೇನು ಬಣ್ಣ ಹರಡಿ ನೀರಿನ ಹಾಗೆ ತುಳುಕಿತು.

ಏಡಾ ಏಣಿ ಹಿಡಿದು ಕೆಳಗಿಳಿದು, ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಈಜುವವಳ ತೋಳನ್ನು ಮೆಲ್ಲಗೆ ಮುಟ್ಟಿದಳು.

ಎರಡನೇ ಕಾನ್‌ಸ್ಟೇಬಲ್ ಗ್ರಿಮ್‌ಶಾನಿಗೆ ಕೋಳ ತೊಡಿಸಿ ಬಾಗಿಲ ಕಡೆ ಎಳೆದ. ಗ್ರಿಮ್‌ಶಾ ಕತ್ತು ತಿರುಗಿಸಿ ಆ ಬೆಳಕನ್ನೇ ನೋಡುತ್ತಿದ್ದ.

"ಒಂದ್ ನಿಮಿಷ ಇರಪ್ಪ," ನೋರಾ ಅಂದಳು. "ನೋಡ್ಲಿ."