ಮೀಸೆಯಿಲ್ಲದ ಚೀಟಿ

ಮುದ್ರೆಯೊತ್ತಿದ ಮೇಲೆ ಉಂಗುರವನ್ನು ನೇರವಾಗಿ ಎತ್ತುವುದು ಹರಳುಕೋಟೆಯ ಅರಸರಾದ ಸೋಮಭೂಪ ನಾಯಕರಿಗೆ ಎಂದೂ ಒಗ್ಗಲಿಲ್ಲ. ಒತ್ತುವರು, ಕೊಂಚ ಎಡಕ್ಕೆ ಹೊರಳಿಸುವರು, ಆಮೇಲೆ ಎತ್ತುವರು. ನಂದಿಮುದ್ರೆಯ ಅಂಚಿನಲ್ಲಿ ಮಸಿ ಸವರಿಕೊಂಡು ಸಣ್ಣದೊಂದು ಬಾಲ ಮೂಡುವುದು. ಪೇಟೆಯ ಜನ ಅದನ್ನು ‘ಅರಸರ ಮೀಸೆ’ ಎಂದು ಕರೆದರು.

ಆ ಪುಟ್ಟ ರಾಜಧಾನಿಯ ವ್ಯವಹಾರವೆಲ್ಲ ಆ ಮೀಸೆಯ ಮೇಲೆಯೇ ನಿಂತಿತ್ತು. ಬೆಳಗಾಗಿ ಕೋಟೆಯ ಮೂಡಣ ಬಾಗಿಲು ತೆರೆದೊಡನೆ ಮೆಣಸಿನಕಾಯಿ ಹೇರಿದ ಎತ್ತುಗಳೂ, ಕಂಬಳಿ ಹೊತ್ತ ಕುರುಬರೂ, ಎಣ್ಣೆಗೊಡಗಳ ಗಾಣಿಗರೂ ಒಬ್ಬರನ್ನೊಬ್ಬರು ಬೈಯುತ್ತಲೇ ಒಳನುಗ್ಗಿ, ಕೆಂಪು ಕಂಬಗಳ ಅರಮನೆ ಕೋಠಿಯ ಮುಂದೆ ನಿಲ್ಲುವರು. ಅಲ್ಲಿ ಬೆಳ್ಳಿ ಕೊಟ್ಟವರಿಗೆ ಚೀಟಿ, ಚೀಟಿ ತಂದವರಿಗೆ ಬೆಳ್ಳಿ. ಸುತ್ತಲಿನ ಸೀಮೆಯಲ್ಲೆಲ್ಲ ಆ ಚೀಟಿಯೇ ನಾಣ್ಯವಾಗಿ ಓಡಾಡುತ್ತಿತ್ತು. ಕೋಠಿಯ ಯಜಮಾನರಾದ ಮರಿಶಾಂತ ಶೆಟ್ಟರು ಪ್ರತಿ ಹುಣ್ಣಿಮೆಗೆ ಹೊಸ ಚೀಟಿಗಳ ಕಟ್ಟನ್ನು ಅರಮನೆಗೆ ಒಯ್ಯುವರು. ಅರಸರು ಸ್ವಹಸ್ತದಿಂದ ಮುದ್ರೆಯೊತ್ತುವರು.

ಆ ವರ್ಷದ ಕಾರ್ತಿಕದಲ್ಲಿ ಅರಸರಿಗೆ ಸಿಡುಬೆಂದು ಸಾರಿ, ಅಂತಃಪುರದ ಬಾಗಿಲಿಗೆ ಬೇವು ಕಟ್ಟಿದರು. ಚೀಟಿಗಳ ಕಟ್ಟು ಒಳಗೆ ಹೋಗಿ ಹೊರಗೆ ಬಂದಿತು. ಶೆಟ್ಟರು ಮೇಲಿನದೊಂದನ್ನು ಬೆಳಕಿಗೆ ಹಿಡಿದರು. ಮುದ್ರೆ ಅಚ್ಚುಕಟ್ಟಾಗಿ ಬಿದ್ದಿತ್ತು; ಮೀಸೆಯಿರಲಿಲ್ಲ.

“ಏನು ಶೆಟ್ಟರೆ, ಕೆಟ್ಟಿತೇ?” ಪರದೆಯ ಹಿಂದಿನಿಂದ ರಾಣಿ ಗಂಗಾಜಮ್ಮಣ್ಣಿಯವರು ಕೇಳಿದರು.

“ಕೆಟ್ಟಿಲ್ಲ ಬುದ್ಧಿ. ಬಹಳ ಚೆನ್ನಾಗಿ ಬಿದ್ದಿದೆ. ಅರಸರು...”

“ಅರಸರು ಇದ್ದಾರೆ. ದತ್ತಕಕ್ಕೆ ಮದರಾಸಿನ ಒಪ್ಪಿಗೆ ಬರುವ ತನಕ ಅವರು ಇರಲೇಬೇಕು.”

ಅರಸರು ಇನ್ನಿಲ್ಲವೆಂದು ಶೆಟ್ಟರಿಗೆ ತಿಳಿದುಹೋಯಿತು. ಅರಸರಿಗೆ ಮಕ್ಕಳಿರಲಿಲ್ಲ. ದತ್ತು ಮಗುವನ್ನು ಕಂಪನಿಯವರು ಒಪ್ಪುವ ಮೊದಲೇ ಅರಸರು ತೀರಿಕೊಂಡರೆಂದು ತಿಳಿದರೆ ಸಂಸ್ಥಾನ ಕಂಪನಿಯ ಪಾಲು. ಚೀಟಿ ನಿಂತರೂ ಊರು ಕಾರಣ ಕೇಳುವುದು. ಅದಕ್ಕೇ ಆ ಹೆಣ್ಣುಮಗಳು ಗಂಡನ ಉಂಗುರವನ್ನು ತಾನೇ ಹಿಡಿದು, ಒಂದೂ ಕೆಡದಂತೆ ಜೋಪಾನವಾಗಿ ಒತ್ತಿದ್ದಳು.

ಮನೆಗೆ ಬಂದ ಶೆಟ್ಟರು ಹೆಬ್ಬೆರಳಿಗೆ ಮಸಿ ತಾಗಿಸಿಕೊಂಡರು. ಒಂದಿಷ್ಟು ಸವರಿದ್ದರೆ ಆಗಿತ್ತು. ಆದರೆ ಅರಸರ ಮೀಸೆಯನ್ನು ತಾನು ತೀಡುವುದೇ? ಬೆರಳು ಮುಂದೆ ಹೋಯಿತು, ಮನಸ್ಸು ಹೋಗಲಿಲ್ಲ. ಚೀಟಿಗಳು ಹಾಗೆಯೇ ಪೇಟೆಗೆ ಇಳಿದವು.

“ಅಯ್ಯೋ ಶೆಟ್ರೇ,” ಎಂದು ಎಲೆ ಮಾರುವ ಹೊನ್ನಿ ಸಂತೆಯ ನಡುವೆ ಕೂಗಿದಳು, “ನಿಮ್ಮ ಚೀಟಿ ಮೀಸೆ ಬೋಳಿಸ್ಕೊಂಡು ಬಂದೈತಲ್ಲ! ಅದರಪ್ಪ ಸತ್ತನಾ?”

ಸಂತೆ ಗೊಳ್ಳೆಂದಿತು. ಶೆಟ್ಟರೂ ನಕ್ಕರು. ನಗದೆ ನಿಂತವನು ದಳವಾಯಿ ಬಸವರಸನ ಬಂಟನೊಬ್ಬನೇ. ಬಸವರಸ ಅರಸರ ದಾಯಾದಿ. ಸಂಸ್ಥಾನ ಕಂಪನಿಗೆ ಸೇರಿದ ದಿನ ನಿನಗೊಂದು ಜಹಗೀರು ಎಂದು ಕಂಪನಿಯ ಸಾಹೇಬ ಅವನಿಗೆ ಮಾತು ಕೊಟ್ಟಿದ್ದ.

ಸಂಜೆಯೊಳಗೆ ಅಕ್ಕಸಾಲಿ ಕಾಳಾಚಾರಿಯನ್ನು ಹಿಡಿದು ಕಟ್ಟಿದರು. ಅರಸರ ಉಂಗುರವನ್ನು ಕೆತ್ತಿದವನು ಅವನೇ. ಎರಡನೆಯದನ್ನು ಕೆತ್ತಿ ಸುಳ್ಳು ಚೀಟಿ ಹೊರಡಿಸಿದನೆಂದು ಆರೋಪ. ಕಳ್ಳಮುದ್ರೆಗೆ ಶಿಕ್ಷೆ ಬಲಗೈ. ‘ಚೀಟಿ ಸುಳ್ಳಲ್ಲ’ ಎಂದು ಯಾರಾದರೂ ಬಾಯಿಬಿಟ್ಟರೆ ‘ಹಾಗಾದರೆ ಒತ್ತಿದ ಕೈ ಯಾರದು?’ ಎಂದು ಕೇಳಲು ದಳವಾಯಿ ಕಾದಿದ್ದ.

ಕಾಳಾಚಾರಿಯ ಹೆಂಡತಿ ಸಣ್ಣಕ್ಕ ಕೋಠಿಯ ಜಗುಲಿಗೆ ಬಂದು ಕುಳಿತಳು. “ಅಣ್ಣಾ, ಚೀಟಿ ನಿಮ್ಮ ಕೋಠೀದೇ ಅಲ್ವಾ? ಹೌದು ಅಂತ ಒಂದು ಮಾತು ಅನ್ನಿ. ಆ ಕೈಯೇ ನಮ್ಮ ಹೊಲ, ನಮ್ಮ ಮನೆ.”

“ನೋಡ್ತೀನಮ್ಮ.”

“ನೋಡೋಕೆ ನಾಳೆ ಊರೆಲ್ಲ ಬರ್ತೈತೆ. ನೀವು ಮಾತಾಡಿ.”

ಶೆಟ್ಟರು ಅರಮನೆಗೆ ಓಡಿದರು. ರಾಣಿಯವರು, “ಮಗು ಗದ್ದುಗೆ ಏರಿದ ದಿನವೇ ಕಾಳಾಚಾರಿಗೆ ಮಾನ್ಯದ ಭೂಮಿ ಬಿಡಿಸುತ್ತೇನೆ” ಎಂದರು.

“ಉಳುವುದಕ್ಕೂ ಎರಡು ಕೈ ಬೇಕಲ್ಲ ತಾಯಿ.”

“ನಾನೇನು ಮಾಡಲಿ ಶೆಟ್ಟರೆ? ಗಟ್ಟಿಯಾಗಿ ಅಳುವ ಹಾಗೂ ಇಲ್ಲ. ಹೊರಗಿನವರಿಗೆ ಬಳೆಯ ಸದ್ದು ಕೇಳಬೇಕೆಂದು ದಿನವೆಲ್ಲ ಕೈ ಆಡಿಸುತ್ತಾ ಕುಳಿತಿದ್ದೇನೆ.”

ಶೆಟ್ಟರು ನಮಸ್ಕರಿಸಿ ಹೊರಬಂದರು.

ಮರುದಿನ ಬೆಳಿಗ್ಗೆ ಸಭಾಮಂಟಪ ಕಿಕ್ಕಿರಿದಿತ್ತು. ಒಂದು ಬದಿಗೆ ಸಾಹೇಬ ಮತ್ತು ಅವನ ದುಭಾಷಿ, ಇನ್ನೊಂದು ಬದಿಗೆ ರಾಣಿಯವರ ಪರದೆ, ನಡುವೆ ಕೈಕಟ್ಟಿಸಿಕೊಂಡ ಕಾಳಾಚಾರಿ. ದಳವಾಯಿ ಚೀಟಿಯೊಂದನ್ನು ಎತ್ತಿ ಹಿಡಿದು, “ಶೆಟ್ಟರು ಧರ್ಮಿಷ್ಠರು, ಸುಳ್ಳಾಡುವವರಲ್ಲ. ತಾವೇ ಅಪ್ಪಣೆ ಕೊಡಿಸಿ, ಇದು ನಿಜವೋ, ಸುಳ್ಳೋ?” ಎಂದನು.

ಶೆಟ್ಟರು ಮುಂದೆ ಬಂದರು. “ಮುದ್ರೆ ನಿಜ, ಚೀಟಿ ಸುಳ್ಳು. ಅರಸರು ಜ್ವರದ ಮಂಪರಿನಲ್ಲಿದ್ದಾಗ ಅವರ ಬೆರಳಿನಿಂದ ಉಂಗುರ ಜಾರಿಸಿ ನಾನೇ ಒತ್ತಿದೆ. ಈ ಆಚಾರಿಗೆ ಏನೂ ತಿಳಿಯದು. ನಿನ್ನೆ ಪಾದಕ್ಕೆ ಬಿದ್ದು ಒಪ್ಪಿಕೊಂಡೆ. ‘ಸಭೆಯಲ್ಲಿ ನಿನ್ನ ಬಾಯಿಂದಲೇ ಹೇಳು’ ಎಂದು ಅರಸರು ಅಪ್ಪಣೆ ಮಾಡಿದರು.”

“ಸಿಡುಬಿನ ಕೋಣೆಗೆ ನೀವು ಹೋದಿರೋ?” ದಳವಾಯಿ ಅಬ್ಬರಿಸಿದನು.

“ನನಗೆ ಚಿಕ್ಕಂದಿನಲ್ಲೇ ಆಗಿದೆ ಸ್ವಾಮಿ. ಒಮ್ಮೆ ಆದವರಿಗೆ ಮತ್ತೇನು ಭಯ?”

ಸಾಹೇಬ ಶೆಟ್ಟರ ಮುಖದ ಕುಳಿಗಲೆಗಳನ್ನು ದಿಟ್ಟಿಸಿ ನೋಡಿದನು. ದುಭಾಷಿಯ ಕಿವಿಯಲ್ಲಿ ಏನೋ ಹೇಳಿದನು. “ಅರಸರು ನಿನ್ನೆ ಮಾತಾಡಿದರೆಂದಾದರೆ ಸಾಹೇಬ ದೊರೆಗಳಿಗೆ ಇಲ್ಲಿ ಬೇರೆ ಕೆಲಸವಿಲ್ಲವಂತೆ” ಎಂದು ದುಭಾಷಿ ಸಾರಿದನು. ದಳವಾಯಿಯ ಮುಖ ಕಪ್ಪಿಟ್ಟಿತು.

ಕಾಳಾಚಾರಿಯ ಕಟ್ಟು ಬಿಚ್ಚಿದರು. ಅವನು ಮಣಿಕಟ್ಟು ಉಜ್ಜಿಕೊಳ್ಳುತ್ತಾ ಶೆಟ್ಟರ ಮುಂದೆ ನಿಂತನು. “ರಾತ್ರಿಯೆಲ್ಲ ನನ್ನನ್ನ ಸೆರೆಯಲ್ಲಿ ಕೊಳೆಹಾಕಿ ಈಗ ಧರ್ಮರಾಯನಾದಿರಾ? ಥೂ!” ಎಂದು ಹೊರಟುಹೋದನು. ಶೆಟ್ಟರು ತಲೆ ತಗ್ಗಿಸಿದರು.

ದಳವಾಯಿ ಕಟ್ಟಳೆಯಂತೆ ತೀರ್ಪು ಸಾರಿದನು: ಶೆಟ್ಟರ ಬಲಗೈಗೆ ಕೊಡಲಿ, ಕೋಠಿಗೆ ಬೀಗ, ಅಲ್ಲಿನ ಬೆಳ್ಳಿ ಬೊಕ್ಕಸಕ್ಕೆ, ಮೀಸೆಯಿಲ್ಲದ ಚೀಟಿಗಳೆಲ್ಲ ರದ್ದು. ಅಂಗಳದಲ್ಲಿ ಹಾಹಾಕಾರ ಎದ್ದಿತು. ಹೊನ್ನಿ ಕಾವಲಿನವನ ಈಟಿಯ ಕೆಳಗೆ ನುಸುಳಿ ಬಂದಳು. ಅವಳ ಮುಷ್ಟಿಯಲ್ಲಿ ಚೀಟಿಗಳು ಮುದುಡಿದ್ದವು. “ನನ್ನ ಕಾಲಿನ ಕಡಗ ಕೊಟ್ಟು ತಗೊಂಡಿದ್ದು ಶೆಟ್ರೇ. ಇನ್ನು ಒಲೆಗೆ ಹಾಕ್ಲಾ ಇವನ್ನ?” ಈ ಸಲ ಯಾರೂ ನಗಲಿಲ್ಲ.

ಭಟರು ಹೆಗಲ ಮೇಲೆ ಕೈಯಿಟ್ಟಾಗ ಶೆಟ್ಟರು ಪರದೆಯ ಕಡೆ ತಿರುಗಿದರು.

“ಬುದ್ಧಿ, ನನ್ನ ಕೈ ಹೋಗಲಿ, ಹೆಸರೂ ಹೋಗಲಿ. ಈ ಜನ ಬೆಳ್ಳಿ ಕೊಟ್ಟೇ ಚೀಟಿ ಹಿಡಿದವರು. ಇವರ ಬೆಳ್ಳಿ ಇವರಿಗೆ ಮರಳಲಿ ಎಂದು ಒಂದು ಮಾತು ಅಪ್ಪಣೆಯಾಗಬೇಕು.”

ಕೊಡಿಸಿದರೆ ಚೀಟಿ ಅರಮನೆಯದೇ ಎಂದು ಒಪ್ಪಿದಂತೆ; ಒತ್ತಿದ ಕೈ ಯಾರದೆಂಬ ಪ್ರಶ್ನೆ ಮತ್ತೆ ಏಳುವುದು. ಎದ್ದಿದ್ದ ಸಾಹೇಬ ಟೋಪಿಯನ್ನು ಕೈಯಲ್ಲೇ ಹಿಡಿದು ನಿಂತನು. ದಳವಾಯಿ ಪರದೆಯ ಹತ್ತಿರಕ್ಕೆ ಎರಡು ಹೆಜ್ಜೆ ಸರಿದು ಕಿವಿಯಾನಿಸಿದನು.

“ಒಂದೇ ಮಾತು, ತಾಯಿ” ಎಂದರು ಶೆಟ್ಟರು.