ದನಿ ತೆಗೆದು ನೋಡು

ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಚಂದನ ಬಸ್ಸಿಳಿದದ್ದೇ ತಡ, ಸ್ವರೂಪ್ ಒಂದು ವಿಡಿಯೊ ಹಾಕಿ ಮೊಬೈಲ್ ಚಾಚಿದ. "ನೋಡಿ ಮೇಡಂ, ಮಕ್ಕಳ ಕಳ್ಳರು. ಊರ ಗ್ರೂಪಿಗೆ ನಾನೇ ಹಾಕ್ದೆ."

ಹೆಮ್ಮೆಗೆ ಅವನ ಹುಬ್ಬು ಮೇಲೇರಿತ್ತು. ಆ ಹುಬ್ಬಿಗೇ ಅವಳು ಸೋತಿದ್ದು. ಇವತ್ತು ಅತ್ತ ನೋಡಲಿಲ್ಲ.

"ನಿಜ ಅಂತ ಯಾರು ಹೇಳಿದ್ರು?"

"ಕೇಳಿಸ್ಕೊ. 'ಮಳವಳ್ಳಿ ರೋಡಲ್ಲಿ ಮಗಾ ಎತ್ಕೊಂಡೋದ್ರು ಕಣ್ರಪ್ಪೋ' ಅಂತಾವ್ನೆ. ನಮ್ಮ ಕಡೆ ಗಂಟ್ಲು ಕಣೆ, ಸುಳ್ಳಾಡ್ತದಾ?"

"ದನಿ ತೆಗೆದು ನೋಡು."

ಸೌಂಡ್ ಅವಳೇ ನಿಲ್ಲಿಸಿದಳು. ಎರಡು ತಲೆ ಒಂದೇ ಪರದೆಯ ಮೇಲೆ ಬಾಗಿದವು. ಅವಳ ಕೂದಲೆಳೆ ಅವನ ಕೆನ್ನೆ ಸವರಿತು. ಅವನಿಗೆ ಅದೂ ತಿಳಿಯಲಿಲ್ಲ. ವಿಡಿಯೊದಲ್ಲಿ ಓದಲು ಬಾರದ ಲಿಪಿಯ ಅಂಗಡಿ ಬೋರ್ಡು. ಉಣ್ಣೆ ಕೋಟು ತೊಟ್ಟ ಜನ. ಅವಳು ಅದರ ಒಂದು ಚಿತ್ರ ತೆಗೆದು ನೆಟ್ಟಿನಲ್ಲಿ ಹುಡುಕಿದಳು. ಯಾವುದೋ ದೇಶದಲ್ಲಿ ಜನಜಾಗೃತಿಗೆಂದು ಆಡಿದ ನಾಟಕ! ಮಗು ತಾಯಿಯ ಮಡಿಲು ಸೇರುವ ಕೊನೆಯನ್ನು ಯಾರೋ ಕತ್ತರಿಸಿ, ನಮ್ಮ ಮಾತು ಅಂಟಿಸಿದ್ದರು.

"ಅಳಿಸ್ತೀನಿ ಬುಡು" ಎನ್ನುವಷ್ಟರಲ್ಲಿ ಗ್ರೂಪಿನಲ್ಲಿ ಇನ್ನೊಂದು ಮೆಸೇಜು ಬಂತು: 'ಸ್ವರೂಪಣ್ಣ ಹಾಕವ್ನೆ ಅಂದ್ಮೇಲೆ ನಿಜ. ಆಲೆಮನೆ ಗಂಡ ಹೆಂಡ್ತಿ ತಾವ ಮಗಾ ಅದೆ. ಬನ್ರಲಾ.'

ಬೆಲ್ಲ ಕಾಯಿಸಲು ಉತ್ತರ ಭಾರತದಿಂದ ಬಂದವರು. ಮಗು ಅವರದೇ. ನಿನ್ನೆಯವರೆಗೆ ಅದು ಊರಿಗೆಲ್ಲ ಗೊತ್ತಿತ್ತು.

ಸ್ವರೂಪನ ಬೈಕ್ ಊರ ಕಡೆ ಹಾರಿತು. ಹಿಂದೆ ಕೂತು ಅವಳು ಪೊಲೀಸರಿಗೆ ಫೋನ್ ಮಾಡಿದಳು. ಗದ್ದೆಯಲ್ಲಿ ಒಂದಾಳೂ ಇಲ್ಲ. ಟೀ ಅಂಗಡಿಯ ಬೆಂಚು ಖಾಲಿ.

ಊರೆಲ್ಲ ಆಲೆಮನೆಯ ಮುಂದಿತ್ತು, ಕಬ್ಬು ಕಡಿಯುವ ಮಚ್ಚು ಹಿಡಿದು. ಒಳಗೆ ಆ ಸಂಸಾರ. ಮುಚ್ಚಿದ ಬಾಗಿಲಿಗೆ ಸ್ವರೂಪ್ ಬೆನ್ನು ಕೊಟ್ಟು ನಿಂತ. ಎದುರಿಗೆ ಅವನ ದೊಡ್ಡಪ್ಪ ಮರಿಯಯ್ಯ.

"ಸರಿಯಲಾ ಪಕ್ಕಕ್ಕೆ!"

"ಸುಳ್ಳು ದೊಡ್ಡಪ್ಪ. ನೋಡ್ದೆ ಹಾಕ್ಬುಟ್ಟೆ. ತಪ್ಪು ನಂದು."

"ಈ ಹುಡ್ಗಿ ತಲೆ ಕೆಡ್ಸವ್ಳೆ. ಯಾರ್ಲಾ ಇವ್ಳು?"

ಯಾರಿಗೂ ಹೇಳದೆ ಮುಚ್ಚಿಟ್ಟಿದ್ದನ್ನು ಸ್ವರೂಪ್ ಮಚ್ಚುಗಳ ಮುಂದೆ ಹೇಳಿದ. "ನಾನು ಮದ್ವೆ ಆಗೋಳು."

ಚಂದನಳ ಕೆನ್ನೆ ಕೆಂಪಾಯಿತು. ಅವನ ಕೈ ಹಿಡಿದಳು. ಇನ್ನೊಂದು ಕೈಯಲ್ಲಿ ಕತ್ತರಿಸದ ಇಡೀ ವಿಡಿಯೊವನ್ನು ಮರಿಯಯ್ಯನ ಮುಖಕ್ಕೇ ಹಿಡಿದಳು. ಅವನು ಕೊನೆತನಕ ನೋಡಿದ. ಮಚ್ಚು ಕೆಳಗಿಳಿಯಿತು. ಆದರೂ ಯಾರೂ ಮನೆಗೆ ಹೋಗಲಿಲ್ಲ.

ಆಗ ಕೆರೆ ಏರಿಯ ಮೇಲೆ ಟ್ರ್ಯಾಕ್ಟರ್ ಸದ್ದು. ಪೊಲೀಸರಲ್ಲ, ತುಂಬ ಜನ. ಪಕ್ಕದೂರಿನ ಗ್ರೂಪಿಗೂ ವಿಡಿಯೊ ಹೋಗಿತ್ತು. ಅಲ್ಲಿ ಸ್ವರೂಪನ ಮುಖ ಕಂಡವರಿಲ್ಲ, ಮಾತು ನಂಬುವವರಿಲ್ಲ.

ಮರಿಯಯ್ಯ ಬಂದು ಅವಳ ಮಗ್ಗುಲಿಗೆ ನಿಂತ. "ಅವರ್ಗೂ ನೀನೇ ಯೇಳ್ಬೇಕು ಕಣವ್ವಾ."

"ಕೈ ಬಿಡ್ಬೇಡ" ಎಂದಳು ಅವಳು, ಸ್ವರೂಪನಿಗೆ ಮಾತ್ರ ಕೇಳುವಂತೆ.