ರಕ್ತನಿಧಿಯ ಕಂಪ್ಯೂಟರಿಗೊಂದು ಷರತ್ತು

"ನಮ್ಮ ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕೋ ಈ ಇನ್‌ಸ್ಟಾಲರ್ ಬರೆದ ಪುಣ್ಯಾತ್ಮರು ಯಾರ್ರೀ?"

ಬಾಗಿಲಲ್ಲಿ ನಿಂತು ಗುಡುಗಿದವನು ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು. ಸಾಫ್ಟ್‌ವೇರ್ ಕಂಪನಿಯ ಅಷ್ಟೂ ಜನ ತಲೆ ಎತ್ತಿದರು.

ಅವರಲ್ಲೊಬ್ಬಳು ಎದ್ದು ನಿಂತಳು. "ನಾನೇ. ಏನೀಗ?"

"ರಕ್ತನಿಧಿಯ ಫ್ರಿಜ್ ಬಿಸಿಯಾದ್ರೆ ಕೂಗಿಕೊಳ್ಳೋ ಸರ್ವಿಸನ್ನ ಯಾರು ಬೇಕಾದ್ರೂ ನಿಲ್ಲಿಸಬಹುದು ಅಂತ ಅನುಮತಿ ಕೊಟ್ಟಿದೀರಿ. ಬಿಲ್ ಕೌಂಟರಿನವರು ತಮ್ಮ ಕಂಪ್ಯೂಟರಿನಲ್ಲಿ ಸದ್ದು ಜಾಸ್ತಿ ಅಂತ ನಿಲ್ಲಿಸೇಬಿಟ್ಟಿದಾರೆ!"

ತಪ್ಪು ತನ್ನದೇ... ಅದಕ್ಕೇ ಅವಳಿಗೆ ಇನ್ನೂ ಉರಿಯಿತು.

ಎಲ್ಲರ ಅನುಮತಿಯನ್ನೂ ಕಿತ್ತು ಹಾಕಿ ಹೊಸ ಇನ್‌ಸ್ಟಾಲರ್ ಕಳಿಸಿದಳು. ಮರುದಿನವೇ ಅವನ ಫೋನು.

"ಸರ್ವಿಸ್ ತಾನಾಗೇ ನಿಂತುಹೋಗಿದೆ. ಈಗ ಸಿಸ್ಟರ್‌ಗೂ ಶುರು ಮಾಡೋಕಾಗ್ತಿಲ್ಲ!"

"ಕೊಟ್ರೆ ಯಾಕೆ ಕೊಟ್ರಿ, ತೆಗೆದ್ರೆ ಯಾಕೆ ತೆಗೆದ್ರಿ! ನಿಮ್ಮ ಜೊತೆ ಏಗೋದು ಹೇಗ್ರೀ?" ಅವಳು ರೇಗಿದಳು.

ಲ್ಯಾಪ್‌ಟಾಪ್ ಹೊತ್ತು ತಾನೇ ಆಸ್ಪತ್ರೆಗೆ ಹೋದಳು. ಇನ್‌ಸ್ಟಾಲರಿಗೆ ಷರತ್ತು ಹಾಕಿದಳು: ರಕ್ತನಿಧಿಯ ಕಂಪ್ಯೂಟರಾದರೆ ದಾದಿಯರ ಗುಂಪಿಗೆ ಮಾತ್ರ ಅನುಮತಿ, ಉಳಿದ ಕಡೆ ಯಾರಿಗೂ ಇಲ್ಲ. ಆದರೆ ಕೌಂಟರಿನ ಕಂಪ್ಯೂಟರಿನಲ್ಲಿ ಅದು ಅರ್ಧಕ್ಕೇ ಮುಗ್ಗರಿಸಿತು.

"ಥೂ! ಇದರ ಮನೆ ಹಾಳಾಗ!"

ಅವನು ನಗಲಿಲ್ಲ. ಸ್ಟೂಲ್ ಎಳೆದುಕೊಂಡು, ಅವಳನ್ನು ಕೊರೆಯುತ್ತಿದ್ದ ಎ.ಸಿ. ಗಾಳಿಗೆ ಅಡ್ಡವಾಗಿ ಕೂತ. "ನಿಧಾನವಾಗಿ ನೋಡಿ. ನಾನೂ ಇರ್ತೀನಿ."

ಸಾಲು ಸಾಲಾಗಿ ಹುಡುಕಿದಾಗ ಸಿಕ್ಕಿತು. ಯಾವ ಕಂಪ್ಯೂಟರ್ ಎಂಬ ಷರತ್ತನ್ನು ನೋಡುವ ಮೊದಲೇ ಇನ್‌ಸ್ಟಾಲರ್ ದಾದಿಯರ ಗುಂಪನ್ನು ಹುಡುಕುತ್ತಿತ್ತು; ಕೌಂಟರಿನಲ್ಲಿ ಆ ಗುಂಪೇ ಇರಲಿಲ್ಲ! ಅವಳು ಸರಿಪಡಿಸಿದಳು. ರಕ್ತನಿಧಿಯ ಸಿಸ್ಟರ್ ಸರ್ವಿಸನ್ನು ಒಮ್ಮೆ ನಿಲ್ಲಿಸಿ, ಮತ್ತೆ ಶುರು ಮಾಡಿ ನೋಡಿದರು. ಕೌಂಟರಿನವರು ಎಷ್ಟು ಒತ್ತಿದರೂ ಅದು ಜಪ್ಪಯ್ಯ ಅನ್ನಲಿಲ್ಲ.

ಮನೆಗೆ ಹೋಗುವಾಗ ಅವನ ಮೇಲಿನ ಸಿಟ್ಟನ್ನು ಹುಡುಕಿಕೊಂಡಳು... ಸಿಗಲಿಲ್ಲ.

ಅದಕ್ಕೇ ಮರುದಿನ ಅವಳ ಮ್ಯಾನೇಜರ್ ಹೇಳಿದ ಮಾತು ಅಷ್ಟು ಚುಚ್ಚಿತು. "ಆಸ್ಪತ್ರೆ ಕೆಲಸಕ್ಕೆ ನಿನ್ನ ಬದಲು ಬೇರೆಯವರು ಬೇಕಂತೆ. ಅಲ್ಲಿ ಕಂಪ್ಯೂಟರ್ ನೋಡ್ಕೊಳ್ಳೋವರೇ ಫೋನ್ ಮಾಡಿದ್ರು."

ನೇರ ಅವನ ಮೇಜಿನ ಮುಂದೆ ಹೋಗಿ ನಿಂತಳು. "ನನ್ನ ಕೆಲಸ ಹಿಡಿಸದಿದ್ರೆ ಮುಖಕ್ಕೆ ಹೇಳಬೇಕಿತ್ತು! ಬೆನ್ನ ಹಿಂದೆ ಯಾಕೆ?"

ಅವನ ಮುಖ ಬಿಳಿಚಿಕೊಂಡಿತು. "ಹಿಡಿಸದೆ ಅಲ್ಲ... ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು. ನಿಮ್ಮ ಕಂಪನಿಯ ಗಿರಾಕಿಯಾಗಿ ಕೇಳಿದ್ರೆ ಬೇಡ ಅನ್ನೋಕೆ ನಿಮಗೆ ಕಷ್ಟ ಆಗುತ್ತೆ, ಅದಕ್ಕೇ..."

"ಯಾವ ಮಾತು?"

"ನನ್ನನ್ನ ಮದುವೆ ಆಗ್ತೀರಾ ಅಂತ."

ಬೈಯಲು ತೆರೆದ ಬಾಯಿಂದ ಬೈಗುಳವೇ ಹೊರಬಂತು.

"ಅಯ್ಯೋ ದೇವರೇ! ಪ್ರೀತಿ ಹೇಳೋಕೆ ಮುಂಚೆ ಯಾರಾದ್ರೂ ಅನ್ನಕ್ಕೆ ಕಲ್ಲು ಹಾಕ್ತಾರೇನ್ರೀ? ಮೊದಲು ಮ್ಯಾನೇಜರ್‌ಗೆ ಫೋನ್ ಮಾಡಿ. ನನ್ನ ಕೆಲಸ ನನಗೆ ಬೇಕು!"

ಅವನು ಆಗಲೇ ಮಾಡಿದ. ಫೋನ್ ಇಟ್ಟು, ತಲೆ ತಗ್ಗಿಸಿ ಹೇಳಿದ. "ಕೆಲಸ ನಿಮ್ಮದೇ. ನೀವು ಬೇಡ ಅಂದ್ರೂ ಅದು ನಿಮ್ಮದೇ."

ಅವಳ ಕಣ್ಣು ತುಂಬಿತು. ದನಿ ಮಾತ್ರ ಇನ್ನೂ ಜಗಳದ್ದೇ.

"ಬೇಡ ಅಂತ ಯಾರಂದ್ರು? ಭಾನುವಾರ ಮನೆಗೆ ಬನ್ನಿ. ಅಮ್ಮ ಇರ್ತಾರೆ."

"ಅಮ್ಮ ಬೈದ್ರೆ?"

"ಅವರಿಗ್ಯಾಕೆ ಆ ಕೆಲಸ? ಬೈಯೋಕೆ ನಾನಿದೀನಲ್ಲ... ಜೀವನಪೂರ್ತಿ!"